ಲೇಮನ್ ನೋಡಿದ ನಮ್ಮ ಬೆಟ್ಟದ ರಕ್ತ

ಗೂಡಲೂರು, ವಯನಾಡು ಕಡೆ ಇದನ್ನು ಅರಿವಾಳ್ ರೋಗ ಅಂತಾರೆ. ಅರಿವಾಳ್ ಅಂದರೆ ಕುಡುಗೋಲು. ಕನ್ನಡ ಮಾತಾಡುವ ನಾವೂ ಆಸ್ಪತ್ರೆಗೆ ಹೋದರೆ ಅದೇ ಹೆಸರು ಹೇಳುತ್ತೇವೆ, ಇಲ್ಲವೇ ಸಿಕಲ್ ಸೆಲ್ ಎನ್ನುತ್ತೇವೆ. ಭಾರತದಲ್ಲಿ ಈ ರೋಗದ ಚರಿತ್ರೆಯನ್ನು ಯಾರೇ ಬರೆಯಲಿ, ಶುರುವಿನಲ್ಲೇ ನಮ್ಮ ಜಿಲ್ಲೆಯ ಹೆಸರು ಬರುತ್ತದೆ: 1952, ನೀಲಗಿರಿ ಬೆಟ್ಟ, ಲೇಮನ್ ಮತ್ತು ಕಟ್‌ಬುಷ್. ಚಹಕ್ಕೆ, ಪುಟ್ಟ ರೈಲಿಗೆ, ಊಟಿಯ ಹೂವಿನ ಪ್ರದರ್ಶನಕ್ಕೆ ಹೆಸರಾದ ನೀಲಗಿರಿ ವೈದ್ಯರ ಪುಸ್ತಕದಲ್ಲಿ ಹೀಗೂ ಹೆಸರಾಗಿದೆ ಅಂತ ನಾವು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟದ್ದಿಲ್ಲ. ನನಗೂ ಇದು ತಿಳಿದದ್ದು ತಡವಾಗಿಯೇ.

ಈ ಲೇಮನ್ ಯಾರು, ಅವರು ನಮ್ಮ ಬೆಟ್ಟದ ಜನರ ರಕ್ತದಲ್ಲಿ ಏನು ಹುಡುಕುತ್ತಿದ್ದರು ಎಂಬುದನ್ನು ಹೇಳುವುದಕ್ಕೆ ಮೊದಲು ರೋಗದ ಮಾತು ಎರಡು ಆಡಬೇಕು.

ರಕ್ತ ಕೆಂಪಗಿರುವುದು ಕೆಂಪು ಕಣಗಳಿಂದ. ಕಣದ ಒಳಗೆ ತುಂಬಿರುವುದು ಹಿಮೋಗ್ಲೋಬಿನ್. ನಾವು ಎಳೆದ ಉಸಿರಿನ ಆಮ್ಲಜನಕವನ್ನು ಶ್ವಾಸಕೋಶದಿಂದ ಹೊತ್ತು ಮೈಯ ಮೂಲೆ ಮೂಲೆಗೆ ಇಳಿಸಿ ಬರುವುದು ಅದರ ಕೆಲಸ. ಸರಿಯಾದ ಕಣ, ನಡುವೆ ಹೆಬ್ಬೆರಳು ಒತ್ತಿದ ಹಿಟ್ಟಿನ ಬಿಲ್ಲೆಯ ಹಾಗೆ ಗುಂಡಗೆ, ಮೆತ್ತಗೆ ಇರುತ್ತದೆ. ಕೂದಲಿಗಿಂತ ಸಣ್ಣ ನಾಳದಲ್ಲೂ ಬಾಗಿ ಬಳುಕಿ ನುಸುಳಿಬಿಡುತ್ತದೆ. ಈ ರೋಗ ಇದ್ದವರ ಹಿಮೋಗ್ಲೋಬಿನ್ ಆಮ್ಲಜನಕ ಇಳಿಸಿದ ಮೇಲೆ ಒಂದಕ್ಕೊಂದು ಅಂಟಿಕೊಂಡು ಗಟ್ಟಿ ಎಳೆಗಳಾಗುತ್ತದೆ. ಆಗ ಕಣ ಕುಡುಗೋಲಿನಂತೆ ಸೊಟ್ಟಗಾಗಿ, ಬಿರುಸಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಗದ್ದೆಗೆ ನೀರು ಹರಿಯುವ ತೂಬಿನಲ್ಲಿ ಕಸ ಕಟ್ಟಿದ ಹಾಗೆ. ರಕ್ತ ಹೋಗದ ಜಾಗದಲ್ಲಿ ನೋವು. ಕೈಕಾಲು, ಸೊಂಟ, ಎದೆ ಎಲ್ಲಿ ಬೇಕಾದರೂ. ಅನುಭವಿಸಿದವರು ಆ ನೋವನ್ನು ಎಲುಬು ಒಡೆದ ನೋವಿಗೆ ಹೋಲಿಸುತ್ತಾರೆ. ಸರಿಯಾದ ಕಣ ಸುಮಾರು 120 ದಿನ ಬದುಕಿದರೆ ಇಂಥ ಕಣ 10-20 ದಿನಕ್ಕೇ ಮುಗಿಯುತ್ತದೆ. ಹಾಗಾಗಿ ರಕ್ತ ಕಡಿಮೆ, ಕಣ್ಣು ಹಳದಿ, ಸುಸ್ತು. ಚಳಿ, ಜ್ವರ, ನೀರು ಕುಡಿಯದೆ ದುಡಿಯುವುದು, ಇವೆಲ್ಲ ನೋವನ್ನು ಕೆರಳಿಸುತ್ತವೆ. ನಮ್ಮ ಬೆಟ್ಟದ ಮಳೆಗಾಲದಲ್ಲಿ ನಾಟಿ ಕೆಲಸ ಅಂದರೆ ಈ ಮೂರೂ ಒಟ್ಟಿಗೆ ಬಂದ ಹಾಗೇ. ತಿಂಗಳಿಗೆ ನಾಲ್ಕು ದಿನ ಕೆಲಸ ತಪ್ಪಿಸಿದವನನ್ನು ಮೈಗಳ್ಳ ಅಂತ ಬೈದ ಕಾಲ ಇತ್ತು. ಬೈದವರಲ್ಲಿ ನಮ್ಮ ಹಿರಿಯರೂ ಇದ್ದರು ಎಂದು ಹೇಳದೆ ಹೋದರೆ ಚರಿತ್ರೆ ಬರೆದಂತಾಗದು.

ಇದು ಅಂಟುರೋಗ ಅಲ್ಲ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡೂ ಕಡೆಯಿಂದ ಕೆಟ್ಟ ವಂಶವಾಹಿ ಬಂದರೆ ಮಾತ್ರ ರೋಗ. ಒಂದೇ ಬಂದಿದ್ದರೆ ಆ ಮನುಷ್ಯ ಆರೋಗ್ಯವಾಗಿಯೇ ಇರುತ್ತಾನೆ, ವಾಹಕ ಅಷ್ಟೆ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ರೋಗದ ಮಗು ಹುಟ್ಟುವ ಸಂಭವ. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಭಯವಿಲ್ಲ ಅಂತ ಲೆಕ್ಕ ಹಾಕುವವರನ್ನು ನೋಡಿದ್ದೇನೆ. ಹಾಗಲ್ಲ. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರು.

ವೈದ್ಯಶಾಸ್ತ್ರದ ಕಣ್ಣಿಗೆ ಈ ಸೊಟ್ಟ ಕಣ ಮೊದಲು ಬಿದ್ದದ್ದು ಅಮೆರಿಕದ ಚಿಕಾಗೋದಲ್ಲಿ. ಕೆರಿಬಿಯನ್ ಕಡಲಿನ ಗ್ರೆನಡಾ ದ್ವೀಪದಿಂದ ದಂತವೈದ್ಯ ಓದಲು ಬಂದಿದ್ದ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ ಕರಿಯ ಯುವಕ 1904ರಲ್ಲಿ ಆಸ್ಪತ್ರೆಗೆ ಸೇರಿದ. ಅವನ ರಕ್ತದಲ್ಲಿ ಕಂಡದ್ದನ್ನು ಡಾಕ್ಟರ್ ಜೇಮ್ಸ್ ಹೆರಿಕ್ 1910ರಲ್ಲಿ ಅಚ್ಚು ಹಾಕಿಸಿದರು. ಅಲ್ಲಿಂದ ಮುಂದೆ ಅಮೆರಿಕದಲ್ಲಿ ಇದು ಕರಿಯರ ರೋಗ ಅಂತಲೇ ಹೆಸರಾಯಿತು. ಎಷ್ಟರ ಮಟ್ಟಿಗೆ ಎಂದರೆ, ಬಿಳಿಯನೊಬ್ಬನಲ್ಲಿ ಸೊಟ್ಟ ಕಣ ಕಂಡರೆ ಅವನ ಪೂರ್ವಿಕರಲ್ಲಿ ಯಾರೋ ಆಫ್ರಿಕದವರು ಇದ್ದಿರಬೇಕು ಎಂದು ತೀರ್ಮಾನಿಸುವ ಡಾಕ್ಟರುಗಳಿದ್ದರು. ರೋಗವನ್ನು ನೋಡಿ ಜಾತಿ ಹೇಳುವುದು ನಮ್ಮೂರಿನವರ ಅಭ್ಯಾಸ ಮಾತ್ರ ಅಲ್ಲ ನೋಡಿ. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವರ ಜೊತೆಯವರು ತಪ್ಪು ಇರುವುದು ಹಿಮೋಗ್ಲೋಬಿನ್ನಿನಲ್ಲೇ ಎಂದು ತೋರಿಸಿದರು. ಅದೇ ವರ್ಷ ಜೇಮ್ಸ್ ನೀಲ್ ಇದು ವಂಶಪಾರಂಪರ್ಯವಾಗಿ ಇಳಿಯುವ ರೀತಿಯನ್ನು ಸ್ಪಷ್ಟಪಡಿಸಿದರು.

ಈಗ ಲೇಮನ್ ಅವರಿಗೆ ಬರೋಣ. ಹೆರ್ಮನ್ ಲೇಮನ್ ಹುಟ್ಟಿದ್ದು 1910ರಲ್ಲಿ, ಜರ್ಮನಿಯ ಹಾಲೆ ಎಂಬ ಊರಿನಲ್ಲಿ, ಯಹೂದಿ ಮೂಲದ ಮನೆತನದಲ್ಲಿ. ವೈದ್ಯ ಓದು ಮುಗಿಯುವ ಹೊತ್ತಿಗೆ ಹಿಟ್ಲರ್ ಬಂದಿದ್ದ. ಯಾರ ಅಜ್ಜ ಯಾರು, ಯಾರ ಅಜ್ಜಿ ಯಾರು ಎಂದು ಕೇಳಿ ಮನುಷ್ಯನ ಬೆಲೆ ಕಟ್ಟುವ ರಾಜ್ಯ ಅದು. ಲೇಮನ್ ಗಡಿಯಾಚೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಪದವಿ ಪಡೆಯಬೇಕಾಯಿತು. 1936ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಸೇರಿದರು. ಅಲ್ಲಿಯಾದರೂ ನೆಮ್ಮದಿಯೇ? ಯುದ್ಧ ಶುರುವಾದಾಗ ಜರ್ಮನಿಯಿಂದ ಬಂದವನು ಎಂಬ ಒಂದೇ ಕಾರಣಕ್ಕೆ, ಶತ್ರು ದೇಶದವನೆಂದು 1940ರಲ್ಲಿ ಕ್ಯಾಂಪಿನಲ್ಲಿ ಕೂಡಿಟ್ಟರು. ಬಿಡುಗಡೆಯಾದ ಮೇಲೆ ಅದೇ ಬ್ರಿಟಿಷರ ಸೈನ್ಯದ ವೈದ್ಯಪಡೆಗೆ ಸೇರಿದರು. ಯುದ್ಧ ಮುಗಿದು 1947ರಲ್ಲಿ ಆಫ್ರಿಕದ ಉಗಾಂಡಕ್ಕೆ ಹೋದರು. ಮಕೆರೆರೆ ವೈದ್ಯಶಾಲೆಯಲ್ಲಿ ಇದ್ದುಕೊಂಡು ಅಲ್ಲಿನ ಜನರ ರಕ್ತ ಯಾಕೆ ಇಷ್ಟು ಕಡಿಮೆ, ಊಟದ ಕೊರತೆಯೋ ಬೇರೇನೋ ಎಂದು ನೋಡುವ ಕೆಲಸ. ನೋಡುತ್ತ ಹೋದ ಹಾಗೆ ಕುಡುಗೋಲು ಕಣ ಎದುರಾಯಿತು.

ಉಗಾಂಡದಲ್ಲಿ ಅವರೂ, ಆಲನ್ ರೇಪರ್ ಎಂಬ ಇನ್ನೊಬ್ಬ ಡಾಕ್ಟರೂ ಸೇರಿ ಬುಡಕಟ್ಟು ಬುಡಕಟ್ಟಿನ ರಕ್ತ ನೋಡಿದರು. ಒಂದು ಪಂಗಡದಲ್ಲಿ ವಾಹಕರು ತುಂಬಾ, ಇನ್ನೊಂದರಲ್ಲಿ ಬೆರಳೆಣಿಕೆ. ಇದರಿಂದ ಯಾವ ಪಂಗಡ ಯಾವುದಕ್ಕೆ ನಂಟು, ಯಾರು ಎಲ್ಲಿಂದ ಬಂದವರು ಎಂಬುದನ್ನು ತಿಳಿಯಬಹುದು ಅಂತ ಲೇಮನ್ ಅವರಿಗೆ ಅನಿಸಿತು. 1949ರಲ್ಲಿ ಇಬ್ಬರೂ ಹಾಗೆಂದೇ ಬರೆದರು. ಪರೀಕ್ಷೆ ಸುಲಭದ್ದೇ ಆಗಿತ್ತು. ಬೆರಳ ತುದಿಯಿಂದ ಒಂದು ಹನಿ ರಕ್ತ. ಅದಕ್ಕೆ ಆಮ್ಲಜನಕ ಹೀರಿಬಿಡುವ ಒಂದು ಬಗೆಯ ಉಪ್ಪಿನ ನೀರು ಬೆರೆಸಿ ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ವಾಹಕರ ಕಣ ಕೂಡ ಕುಡುಗೋಲಾಗಿ ಬಾಗುತ್ತದೆ. ದೊಡ್ಡ ಯಂತ್ರ ಬೇಡ, ಕರೆಂಟೂ ಬೇಡ. ಕಾಡಿನ ಹಾಡಿಯಲ್ಲೂ ಮಾಡಬಹುದು.

ಅದೇ ಕುತೂಹಲ ನಮ್ಮ ಬೆಟ್ಟಕ್ಕೂ ತಿರುಗಿತು. ಆ ಹೊತ್ತಿಗೆ ಲೇಮನ್ ಲಂಡನ್ನಿನ ಸೇಂಟ್ ಬಾರ್ತಲೊಮ್ಯೂ ಆಸ್ಪತ್ರೆಯಲ್ಲಿದ್ದರು. ಜೊತೆಗೆ ಮೇರಿ ಕಟ್‌ಬುಷ್. ಈ ಹೆಂಗಸಿನ ಹೆಸರು ನಮ್ಮಲ್ಲಿ ಲೇಮನ್ ಬಾಲಂಗೋಚಿಯಾಗಿ ಬರುತ್ತದೆ. ಆದರೆ ಆಕೆ ರಕ್ತದ ಗುಂಪುಗಳ ವಿದ್ಯೆಯಲ್ಲಿ ತನ್ನ ಕಾಲಿನ ಮೇಲೆ ನಿಂತವರು. ಡಫಿ ಎಂಬ ರಕ್ತದ ಗುಂಪನ್ನು 1950ರಲ್ಲಿ ಗುರುತಿಸಿದ ಮೂವರಲ್ಲಿ ಒಬ್ಬರು. ಇವರಿಬ್ಬರು ನೀಲಗಿರಿಯ ಇರುಳ, ಕುರುಂಬ, ಪಣಿಯ ಮುಂತಾದವರ ರಕ್ತದಲ್ಲಿ ಕುಡುಗೋಲು ಗುಣ ಕಂಡದ್ದನ್ನು 1952ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಲೇಖನ ಎರಡೇ ಪುಟದ್ದು. ಅದೇ ವರ್ಷ ಅಸ್ಸಾಮಿನ ಚಹ ತೋಟಗಳಲ್ಲಿ ಕೂಲಿ ಮಾಡುತ್ತಿದ್ದವರಲ್ಲೂ ಈ ರೋಗ ಇದೆ ಎಂದು ಡನ್‌ಲಪ್ ಮತ್ತು ಮಜುಂದಾರ್ ಎಂಬ ಡಾಕ್ಟರುಗಳು ಬೇರೆಯೇ ಆಗಿ ಬರೆದರು. ಆ ಕೂಲಿಗಳು ಒಡಿಶಾ, ಬಿಹಾರದ ಕಡೆಯಿಂದ ಹೋದ ಆದಿವಾಸಿಗಳು.

ಎರಡು ಪುಟವೇ ಆದರೂ ಒಂದು ಹಳೇ ನಂಬಿಕೆ ಅದರಿಂದ ಬಿದ್ದುಹೋಯಿತು. ಕುಡುಗೋಲು ಕಣ ಆಫ್ರಿಕದ ರಕ್ತದ ಗುರುತು ಎಂದು ಇನ್ನು ಹೇಳುವ ಹಾಗಿರಲಿಲ್ಲ. ನಮ್ಮ ಕಾಡಿನ ಕುರುಂಬನಲ್ಲೂ ಅದು ಇತ್ತು.

ಆದರೆ ಲೇಮನ್ ಒಂದು ನಂಬಿಕೆ ಕೆಡವಿ ಇನ್ನೊಂದು ಕಟ್ಟಿದರು. ನಮ್ಮ ಬೆಟ್ಟದ ಮೂಲನಿವಾಸಿಗಳನ್ನು ಆಗಿನ ಪಂಡಿತರು ಸಿಂಹಳದ ವೆಡ್ಡರ ಹೆಸರು ಹಿಡಿದು ವೆಡ್ಡಾಯ್ಡ್ ಎಂದು ಕರೆಯುತ್ತಿದ್ದರು. ಈ ಗುಣ ಮೊದಲು ಇದ್ದದ್ದು ಇಂಥ ಏಷ್ಯದ ಮೂಲಜನರಲ್ಲಿ, ಅವರಿಂದ ಅರೇಬಿಯ ಮಾರ್ಗವಾಗಿ ಪೂರ್ವ ಆಫ್ರಿಕಕ್ಕೆ ಹೋಗಿರಬೇಕು ಎಂಬುದು ಲೇಮನ್ ಅವರ ಊಹೆ. 1954ರಲ್ಲಿ ಪೂರ್ವ ಆಫ್ರಿಕದ ಜನರ ಮೂಲದ ಬಗ್ಗೆಯೇ ಒಂದು ಲೇಖನ ಬರೆದರು. ನನಗೆ ಇಲ್ಲಿ ಸ್ವಲ್ಪ ಕಸಿವಿಸಿ ಆಗುತ್ತದೆ. ಅಜ್ಜ ಯಾರು ಎಂದು ಕೇಳಿದ ರಾಜ್ಯದಿಂದ ತಪ್ಪಿಸಿಕೊಂಡು ಬಂದ ಮನುಷ್ಯ ನಮ್ಮ ಬೆಟ್ಟದವರ ರಕ್ತದಲ್ಲಿ ಮೊದಲು ಕೇಳಿದ ಪ್ರಶ್ನೆಯೂ ಇವರ ಅಜ್ಜ ಯಾರು ಎಂಬುದೇ. ಕೇಳಿದ ಮನಸ್ಸು ಬೇರೆ, ಅದನ್ನು ಒಪ್ಪುತ್ತೇನೆ. ಆಗಿನ ವಿದ್ವಾಂಸರೆಲ್ಲರೂ ಹಾಗೆಯೇ ಕೇಳುತ್ತಿದ್ದರು. ಲಂಡನ್ನಿನ ರೋಗಿಗೂ ಆಗ ಮದ್ದಿರಲಿಲ್ಲ ಎಂಬುದೂ ನಿಜ.

ಅದಕ್ಕಿಂತ ಒಳ್ಳೆಯ ಉತ್ತರ ಬಂದದ್ದು ಸೊಳ್ಳೆಯ ಕಡೆಯಿಂದ. ಇಲ್ಲಿ ಒಂದು ಊರ ಕಥೆ ಹೇಳಬೇಕು. 1897ರಲ್ಲಿ ರೊನಾಲ್ಡ್ ರಾಸ್ ರಜೆ ಹಾಕಿ ಊಟಿಗೆ ಬಂದಿದ್ದರು. ಮಲೇರಿಯಾ ಹೇಗೆ ಹರಡುತ್ತದೆ ಎಂದು ತಲೆಕೆಡಿಸಿಕೊಂಡಿದ್ದ ಮನುಷ್ಯ, ಊಟಿಯ ತಂಪಿನಲ್ಲಿ ಸುಮ್ಮನೆ ಕೂರದೆ ಕೆಳಗೆ ಸೀಗೂರು ಘಾಟಿಗೆ ಇಳಿದರು. ಹೋದದ್ದೇ ತಡ, ಅವರಿಗೇ ಜ್ವರ ಹಿಡಿಯಿತು. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಕ್ರಿಮಿಯನ್ನು ಅವರು ಕಂಡರು. ಮೇಲೆ ಊಟಿಯಲ್ಲಿ ಚಳಿ, ಕೆಳಗೆ ಸೀಗೂರು, ಗೂಡಲೂರು, ವಯನಾಡಿನ ಕಾಡುಗಳಲ್ಲಿ ಚಳಿಜ್ವರ. ವಯನಾಡಿಗೆ ಹೋದವನು ವಾಪಸು ಬಂದರೆ ಪುಣ್ಯ ಅಂತ ನಮ್ಮ ಅಜ್ಜಂದಿರು ಹೇಳುತ್ತಿದ್ದದ್ದು ಈ ಜ್ವರಕ್ಕೇ.

ಆಂಟನಿ ಆಲಿಸನ್ ಎಂಬ ಯುವಕ ಬೆಳೆದದ್ದು ಆಫ್ರಿಕದ ಕೆನ್ಯದಲ್ಲಿ. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ 1949ರಲ್ಲಿ ಕೆನ್ಯಕ್ಕೆ ಹೋಗಿ ಜನರ ರಕ್ತ ನೋಡಿದರು. ಕಡಲ ತೀರದಲ್ಲಿ, ದೊಡ್ಡ ವಿಕ್ಟೋರಿಯಾ ಕೆರೆಯ ಅಂಚಿನಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ಜನ ವಾಹಕರು. ಎತ್ತರದ ಬೆಟ್ಟ ಸೀಮೆಯಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಬುಡಕಟ್ಟು ಯಾವುದು ಎಂಬುದಕ್ಕಿಂತ ಮಲೇರಿಯಾ ಎಲ್ಲಿದೆ ಎಂಬುದೇ ಇಲ್ಲಿ ಮುಖ್ಯ ಎಂದು ಅವರಿಗೆ ಹೊಳೆಯಿತು. ಒಂದೇ ವಂಶವಾಹಿ ಹೊತ್ತ ಮಗುವಿಗೆ ಕಠಿಣ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಅಂಥ ಮಕ್ಕಳು ಉಳಿದು ದೊಡ್ಡವರಾಗುತ್ತಾರೆ. ಅವರ ಜೊತೆ ವಂಶವಾಹಿಯೂ ಉಳಿಯುತ್ತದೆ. 1954ರಲ್ಲಿ ಇದನ್ನು ಪ್ರಕಟಿಸಿದರು. ಆಗ ಹಲವರು ಒಪ್ಪಲಿಲ್ಲ. ಆಮೇಲೆ ಎಲ್ಲರೂ ಒಪ್ಪಿದರು.

ಇದನ್ನು ಇಟ್ಟುಕೊಂಡು ನಮ್ಮ ನಕ್ಷೆ ನೋಡಿ. ಇರುಳರ, ಪಣಿಯರ ಊರುಗಳು ಬಹುಮಟ್ಟಿಗೆ ಎಲ್ಲಿದ್ದವು? ಬೆಟ್ಟದ ತಪ್ಪಲಿನಲ್ಲಿ, ಗದ್ದೆ ಬಯಲಿನಲ್ಲಿ, ಕಾಡಿನ ನಡುವೆ. ಜ್ವರದ ಸೀಮೆಯಲ್ಲಿ. ಬೇರೆಯವರು ಹೆದರಿ ಓಡುತ್ತಿದ್ದ ಜಾಗದಲ್ಲಿ ಅವರು ತಲೆತಲಾಂತರ ಬದುಕಿ ಉಳಿದರು. ಉಳಿಸಿದ ಗುಣವೇ ಎರಡು ಪಾಲು ಸೇರಿದ ಮಗುವನ್ನು ಕಾಡಿತು. ಕೆಟ್ಟ ರಕ್ತ, ಯಾರದೋ ಶಾಪ ಅಂತ ಇದನ್ನು ಇನ್ನೂ ಹೇಳುವವರಿದ್ದಾರೆ. ಅವರಿಗೆ ಹೇಳಬೇಕಾದ ಉತ್ತರ ಇದು.

ಇದು ಆದಿವಾಸಿಗಳ ರೋಗ ಮಾತ್ರ ಎಂಬ ಮಾತೂ ಸರಿಯಲ್ಲ. ಕೋಳಿಕ್ಕೋಡ್ ವೈದ್ಯಕೀಯ ಕಾಲೇಜಿನ ಸಂಶೋಧಕರು ವಯನಾಡಿನಲ್ಲಿ ನೋಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆದಿವಾಸಿ ಪಂಗಡಗಳ ಜೊತೆ ಗದ್ದೆ ಜಮೀನು ಇರುವ ವಯನಾಡನ್ ಚೆಟ್ಟಿ ಸಮುದಾಯದಲ್ಲೂ ಇದು ಕಂಡಿದೆ. ಜ್ವರದ ಸೊಳ್ಳೆ ಜಮೀನಿನ ಪಟ್ಟಾ ಕೇಳಿ ಕಚ್ಚುವುದಿಲ್ಲವಲ್ಲ.

ಲೇಮನ್ ಹಟ ಹಿಡಿದು ಕೂತವರಲ್ಲ. 1956ರಲ್ಲಿ ರೇಪರ್ ಜೊತೆಗೇ ಸೇರಿ, ಒಂದು ಆಫ್ರಿಕನ್ ಪಂಗಡದಲ್ಲಿ ಇಷ್ಟು ಸಾವುಗಳ ನಡುವೆಯೂ ಈ ಗುಣ ಹೇಗೆ ಉಳಿದಿದೆ ಎಂದು ಪರಿಶೀಲಿಸಿ ಬರೆದರು. ಆಮೇಲೆ ಅವರ ಗಮನ ಹೆಚ್ಚಾಗಿ ಹಿಮೋಗ್ಲೋಬಿನ್ನಿನ ಒಳಗಿನ ರಚನೆಯ ಕಡೆಗೇ ಹರಿಯಿತು. ಆಲಿಸನ್ ತಂದುಕೊಟ್ಟ ರಕ್ತವನ್ನು ಇಟ್ಟುಕೊಂಡು ಕೇಂಬ್ರಿಜ್‌ನಲ್ಲಿ ವೆರ್ನನ್ ಇಂಗ್ರಾಮ್ 1956-57ರಲ್ಲಿ ತಪ್ಪು ಇರುವ ಜಾಗವನ್ನೇ ಹಿಡಿದರು. ಹಿಮೋಗ್ಲೋಬಿನ್ ಎಂದರೆ ಅಮೈನೋ ಆಮ್ಲಗಳೆಂಬ ಮಣಿ ಪೋಣಿಸಿದ ನಾಲ್ಕು ಸರ. ಅದರಲ್ಲಿ ಬೀಟಾ ಎಂಬ ಸರದ ಆರನೆಯ ಮಣಿ ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲಿನ್ ಇದೆ. ಅಷ್ಟೇ. 146 ಮಣಿಯಲ್ಲಿ ಒಂದು. ಲೇಮನ್ 1963ರಲ್ಲಿ ಕೇಂಬ್ರಿಜ್‌ಗೆ ಹೋಗಿ ಜಗತ್ತಿನ ಮೂಲೆ ಮೂಲೆಯಿಂದ ಅಂಚೆಯಲ್ಲಿ ಬರುವ ರಕ್ತದಲ್ಲಿ ಇಂಥ ಮಣಿ ತಪ್ಪುಗಳನ್ನು ಒಂದೊಂದಾಗಿ ಹುಡುಕಿದರು. ಮೊದಮೊದಲು ಸಿ, ಡಿ, ಇ ಎಂದು ಅಕ್ಷರದ ಹೆಸರು ಇಡುತ್ತಿದ್ದರು. ಅಕ್ಷರ ಸಾಲದೆ ಊರಿನ ಹೆಸರು ಇಡಲು ಶುರು ಮಾಡಿದರು. ಒಂದೇ ಹಿಮೋಗ್ಲೋಬಿನ್ನಿಗೆ ಡಿ ಪಂಜಾಬ್ ಅಂತಲೂ ಡಿ ಲಾಸ್ ಏಂಜಲೀಸ್ ಅಂತಲೂ ಎರಡು ಹೆಸರು ಇದೆ. ಎರಡು ಕಡೆ ಬೇರೆ ಬೇರೆಯಾಗಿ ಸಿಕ್ಕಿ, ಆಮೇಲೆ ಎರಡೂ ಒಂದೇ ಎಂದು ಗೊತ್ತಾದದ್ದು. 1968ರಲ್ಲಿ ಮ್ಯಾಕ್ಸ್ ಪೆರುಟ್ಜ್ ಜೊತೆ ಸೇರಿ, ಯಾವ ಮಣಿ ತಪ್ಪಿದರೆ ಯಾವ ರೋಗ, ಯಾಕೆ, ಎಂದು ಲೇಮನ್ ವಿವರಿಸಿದರು. ಪೆರುಟ್ಜ್ ಆಸ್ಟ್ರಿಯಾದಿಂದ ಬಂದವರು, ಇಂಗ್ರಾಮ್ ಬಾಲಕನಾಗಿದ್ದಾಗ ಜರ್ಮನಿ ಬಿಟ್ಟವರು. ಇಂಗ್ರಾಮ್, ಲೇಮನ್ ಇಬ್ಬರೂ ಹಿಟ್ಲರನ ದೆಸೆಯಿಂದ ಊರು ಬಿಟ್ಟವರೇ. ಲೇಮನ್ 1985ರಲ್ಲಿ ತೀರಿಕೊಂಡರು.

ನೀಲಗಿರಿಯ ಗುಣ ಎಲ್ಲಿಂದ ಬಂತು ಎಂಬ ಹಳೇ ಪ್ರಶ್ನೆಗೆ ಅವರು ಹೋದ ಮರುವರ್ಷ ಬೇರೊಂದು ಉತ್ತರ ಬಂತು. ವಂಶವಾಹಿಯ ಅಕ್ಕಪಕ್ಕದ ಗುರುತುಗಳನ್ನು ಓದುವ ವಿದ್ಯೆ ಅಷ್ಟರಲ್ಲಿ ಬೆಳೆದಿತ್ತು. 1986ರಲ್ಲಿ ಕುಲೋಸಿಕ್ ಮತ್ತು ಜೊತೆಯವರು ಭಾರತ ಮತ್ತು ಅರೇಬಿಯದ ಕುಡುಗೋಲು ವಂಶವಾಹಿ ಆಫ್ರಿಕದ್ದಲ್ಲ, ಏಷ್ಯದಲ್ಲೇ ಬೇರೆಯಾಗಿ ಹುಟ್ಟಿದ್ದು ಎಂದರು. ಹಾಗಾದರೆ ಲೇಮನ್ ಹೇಳಿದ ದೊಡ್ಡ ಪ್ರಯಾಣ ನಡೆದೇ ಇಲ್ಲ. 2018ರಲ್ಲಿ ಇನ್ನಿಬ್ಬರು ಪೂರ್ತಿ ವಂಶವಾಹಿ ಸರಣಿಯನ್ನೇ ಓದಿ, ಮೂಲ ಒಂದೇ ಎಂದು ಮತ್ತೆ ವಾದ ಎತ್ತಿದ್ದಾರೆ. ಈ ಜಗಳ ನಡೆಯುತ್ತಿರಲಿ. ನಮ್ಮ ಕಡೆಯ ಬಗೆಯಲ್ಲಿ ಎಳೆಮಗುವಿನ ಕಾಲದ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ಸ್ವಲ್ಪ ಹೆಚ್ಚು ಉಳಿಯುತ್ತದೆ, ಅದರಿಂದ ಕೆಲವರಿಗೆ ಕಾಟ ಕಡಿಮೆ ಎಂಬುದು ಈ ಅಧ್ಯಯನಗಳಿಂದ ರೋಗಿಗಳಿಗೆ ಬೇಕಾದ ಸುದ್ದಿ. ಕಡಿಮೆ ಅಂದರೆ ಇಲ್ಲ ಅಂತ ಅಲ್ಲ.

ಬೆಟ್ಟದ ರೋಗಿಗೆ ಆದದ್ದೇನು? ಆ ಎರಡು ಪುಟ ಅಚ್ಚಾದದ್ದು 1952ರಲ್ಲಿ. ಗೂಡಲೂರಿನಲ್ಲಿ ಆದಿವಾಸಿಗಳದೇ ಆಸ್ಪತ್ರೆ ಶುರುವಾದದ್ದು 1990ರಲ್ಲಿ. ನಡುವೆ 38 ವರ್ಷ. ಒಂದು ತಲೆಮಾರು ಪೂರ್ತಿ ಹುಟ್ಟಿ ಬೆಳೆದು, ಎಷ್ಟೋ ಮಕ್ಕಳು ರಕ್ತ ಕಡಿಮೆ, ಕಾಮಾಲೆ, ವಾತ ಎಂಬ ಹೆಸರಿನಲ್ಲಿ ಹೋದವು. ಆ ಆಸ್ಪತ್ರೆಯಲ್ಲಿ ಆದಿವಾಸಿ ಹೆಣ್ಣುಮಕ್ಕಳೇ ನರ್ಸ್ ತರಬೇತಿ ಪಡೆದರು. ಹಾಡಿಗಳಿಗೆ ಹೋಗುವ ಆರೋಗ್ಯ ಕಾರ್ಯಕರ್ತರೂ ಅವರವರ ಜನವೇ. ಮನೆ ಮನೆಯಲ್ಲಿ ಕೇಳಿ, ರಕ್ತ ನೋಡಿ, ಯಾರಿಗೆ ರೋಗ ಇದೆ ಎಂದು ಹೆಸರು ಬರೆದಿಟ್ಟು ಬೆನ್ನು ಬಿಡದೆ ನೋಡಿಕೊಳ್ಳುವ ಕೆಲಸ ಅಲ್ಲಿಂದ ಬೆಳೆಯಿತು. 1995ರಲ್ಲಿ ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ನೋವಿನ ಸರದಿಗಳನ್ನು ಅರ್ಧದಷ್ಟು ಇಳಿಸುತ್ತದೆ ಎಂದು ಅಮೆರಿಕದ ಪರೀಕ್ಷೆ ತೋರಿಸಿತು. ಎಳೆಮಗುವಿನ ಹಿಮೋಗ್ಲೋಬಿನ್ ಅನ್ನು ಮತ್ತೆ ಹೆಚ್ಚಿಸುವುದು ಅದರ ಗುಟ್ಟು. ಇದು, ಫೋಲಿಕ್ ಆಮ್ಲದ ಮಾತ್ರೆ, ಸಣ್ಣ ಮಕ್ಕಳಿಗೆ ಪೆನಿಸಿಲಿನ್ ಮತ್ತು ಲಸಿಕೆ, ಬೆಚ್ಚಗಿರುವುದು, ನೀರು ಚೆನ್ನಾಗಿ ಕುಡಿಯುವುದು, ಜ್ವರ ಬಂದ ದಿನವೇ ಆಸ್ಪತ್ರೆ ಸೇರುವುದು: ಇಷ್ಟರಿಂದಲೇ ಆಯಸ್ಸು ಎಷ್ಟೋ ಹೆಚ್ಚುತ್ತದೆ. 2023ರಲ್ಲಿ ಇಂಗ್ಲೆಂಡು, ಅಮೆರಿಕಗಳಲ್ಲಿ ವಂಶವಾಹಿಯನ್ನೇ ತಿದ್ದುವ ಚಿಕಿತ್ಸೆಗೆ ಅನುಮತಿ ಸಿಕ್ಕಿತು. ಒಬ್ಬರಿಗೆ 22 ಲಕ್ಷ ಡಾಲರ್. ಆ ಲೆಕ್ಕ ನಮ್ಮ ಹಾಡಿಯಲ್ಲಿ ಹೇಳಿದರೆ ನಗುತ್ತಾರೆ.

ಅದೇ 2023ರ ಜುಲೈ 1ರಂದು ಭಾರತ ಸರ್ಕಾರ ಮಧ್ಯಪ್ರದೇಶದ ಶಹದೋಲ್‌ನಲ್ಲಿ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರು ಮಾಡಿತು. ಹುಟ್ಟಿದ ಮಗುವಿನಿಂದ 40 ವರ್ಷದವರೆಗಿನ 7 ಕೋಟಿ ಜನರ ರಕ್ತ ನೋಡಬೇಕು, 2047ರೊಳಗೆ ರೋಗ ಇಲ್ಲವಾಗಬೇಕು ಎಂಬುದು ಗುರಿ. ನೋಡಿಸಿಕೊಂಡವರಿಗೆ ಒಂದು ಕಾರ್ಡ್ ಕೊಡುತ್ತಾರೆ. ಮದುವೆಗೆ ಮುಂಚೆ ಹುಡುಗ ಹುಡುಗಿ ಇಬ್ಬರ ಕಾರ್ಡನ್ನೂ ಜೊತೆಗಿಟ್ಟು ನೋಡಬೇಕು ಅಂತ ಹೇಳುತ್ತಾರೆ. ಜಾತಕದ ಹಾಗೆ ಅಂತ ವಿವರಿಸಿದರೆ ನಮ್ಮವರಿಗೆ ಬೇಗ ತಿಳಿಯುತ್ತದೆ, ಆದರೆ ಅಪಾಯವೂ ಅಲ್ಲೇ ಇದೆ. ಜಾತಕ ಸರಿ ಬರದ ಹುಡುಗಿಯ ಗತಿ ಏನೆಂದು ನಮಗೆ ಗೊತ್ತು. ವಾಹಕಿ ಎಂದು ಕಾರ್ಡಿನಲ್ಲಿ ಇದ್ದರೆ ಅವಳಲ್ಲಿ ರೋಗವಿಲ್ಲ. ವಾಹಕನೂ ಅಲ್ಲದ, ರೋಗಿಯೂ ಅಲ್ಲದ ಯಾರನ್ನು ಮದುವೆಯಾದರೂ ಮಕ್ಕಳಿಗೆ ಕುಡುಗೋಲು ರೋಗ ಬಾರದು. ಇಬ್ಬರೂ ವಾಹಕರಾಗಿ ಮದುವೆಯಾದರೂ ಬಸಿರಿನಲ್ಲೇ ಪರೀಕ್ಷೆ ಮಾಡಿಸುವ ದಾರಿ ಇದೆ. ಇದನ್ನು ಬಿಡಿಸಿ ಹೇಳದೆ ಕಾರ್ಡ್ ಹಂಚಿದರೆ ಊರಿನಲ್ಲಿ ಉಳಿಯುವುದು ಪಿಸುಮಾತು ಮಾತ್ರ. ಕಾರ್ಡ್ ಬೇಡ, ರಕ್ತ ಕೊಡುವುದಿಲ್ಲ ಎಂದು ಬಾಗಿಲು ಹಾಕಿಕೊಂಡವರ ಮನೆಗೆ ಕಾರ್ಯಕರ್ತೆ ಮೂರನೇ ಸಲ ಹೋಗಬೇಕಾಗುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ವಂಶವಾಹಿಯ ಪಾಠ ಮಾಡುವಾಗ ಬಟಾಣಿ ಗಿಡದ ಜೊತೆ ಇದನ್ನೂ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಬಹುದು. ಎರಡು ದುಂಡು, ಎರಡು ಕುಡುಗೋಲು, ನಾಲ್ಕು ಮನೆ. ಹತ್ತು ನಿಮಿಷದ ಕೆಲಸ.